ಬಾವಿಗೆ ಇಂಜಿನ್ ಇಳಿಸುವುದಿಲ್ಲ

ಮೊದಲೇ ಹೇಳಿಬಿಡುತ್ತೇನೆ. ಕಾದ ಇಂಜಿನ್ನಿನ ಮೇಲೆ ತಣ್ಣೀರು ಸುರಿಸಿದವಳು ನಾನೇ. ಅದರಿಂದ ಇಂಜಿನ್ನಿಗೆ ಸೀಳು ಬಿದ್ದದ್ದೂ ನಿಜ. ಅದಕ್ಕಾಗಿ ನಾನು ಆಗ ಕ್ಷಮೆ ಕೇಳಲಿಲ್ಲ, ಈಗಲೂ ಕೇಳುವುದಿಲ್ಲ. ಊರಿನಲ್ಲಿ ಈ ಸಂಗತಿಯನ್ನು ಒಬ್ಬೊಬ್ಬರು ಒಂದೊಂದು ರೀತಿ ಹೇಳುತ್ತಾರೆ. ನಡೆದದ್ದನ್ನು ನಡೆದ ಕ್ರಮದಲ್ಲೇ ಬರೆದಿಡುತ್ತೇನೆ.

ತೊಂಬತ್ತರ ದಶಕದ ಮೊದಲ ವರ್ಷಗಳು. ಕದರಮಂಡಲಗಿಯ ಆಚೆ ನಮ್ಮ ಊರು. ಅಲ್ಲಿನ ಮಹಿಳಾ ಮಂಡಳಕ್ಕೆ ಒಂದು ಪೆಟ್ರೋಲ್ ಪಂಪು ಬಂದಿತ್ತು. ಕಬ್ಬಿಣದ ಚೌಕಟ್ಟಿನೊಳಗೆ ಒಂದು ಕಡೆ ಇಂಜಿನ್, ಇನ್ನೊಂದು ಕಡೆ ನೀರೆಳೆಯುವ ಪಂಪು. ಇಬ್ಬರು ಹಿಡಿದರೆ ಎತ್ತಬಹುದು. ಕರೆಂಟು ಕೈಕೊಟ್ಟಾಗ ಸದಸ್ಯರ ಹೊಲಗಳಿಗೆ ಅದನ್ನು ಒಯ್ಯುವುದು ಏರ್ಪಾಡು. ಮಂಡಳದಲ್ಲಿ ಹೊಲಿಗೆ ಕಲಿಸುತ್ತಿದ್ದ ನನ್ನ ಮೇಲೆ ಅದರ ಜವಾಬ್ದಾರಿ ಬಿತ್ತು. ಹೊಲಿಗೆ ಮಿಷನ್ನಿಗೆ ಎಣ್ಣೆ ಬಿಡಲು ಬರುವವಳಿಗೆ ಇದೂ ಬರುತ್ತದೆ ಎಂಬುದು ಅವರ ಲೆಕ್ಕ. ರಾಣೆಬೆನ್ನೂರಿನ ಒಬ್ಬ ಮಿಸ್ತ್ರಿಯ ಅಂಗಡಿಯಲ್ಲಿ ಕೆಲವು ದಿನ ಕುಳಿತು ಬಿಚ್ಚುವುದು, ಜೋಡಿಸುವುದು ಕಲಿತೆ.

ಶಿಸ್ತು ಮಾತ್ರ ಅಲ್ಲಿ ಕಲಿತದ್ದಲ್ಲ. ನಾನು ಬೆಳೆದದ್ದು ಗಂಟೆ ಹೊಡೆದರೆ ಏಳುವ, ನೂಲುವ ಮೊದಲು ಚರಕದ ಎಣ್ಣೆ ನೋಡುವ, ನೂತ ಮೇಲೆ ಒರೆಸಿಡುವ ಆಶ್ರಮಶಾಲೆಯಲ್ಲಿ. ಪಂಪಿಗೂ ಅದೇ ಪದ್ಧತಿ ಹಚ್ಚಿದೆ. ಶುರು ಮಾಡುವ ಮೊದಲು ಸಮತಟ್ಟಾದ ನೆಲದಲ್ಲಿಟ್ಟು ಎಣ್ಣೆ ನೋಡಬೇಕು. ಪಂಪಿನ ಹೊಟ್ಟೆಗೆ ನೀರು ತುಂಬಬೇಕು, ಒಣಗಿದ ಪಂಪು ತಿರುಗಿದರೆ ಒಳಗಿನ ಸೀಲು ಸುಟ್ಟುಹೋಗುತ್ತದೆ. ಪೆಟ್ರೋಲನ್ನು ಬಟ್ಟೆಯಲ್ಲಿ ಸೋಸಿಯೇ ಹಾಕಬೇಕು. ಕಂಠಮಟ ತುಂಬಬಾರದು, ಚೆಲ್ಲಿದ್ದನ್ನು ಒರೆಸಿ, ಡಬ್ಬಿಯನ್ನು ದೂರ ಒಯ್ದಿಟ್ಟ ಮೇಲೆಯೇ ಇಂಜಿನ್ ಹಚ್ಚುವ ದಾರ ಎಳೆಯಬೇಕು. ನಡೆಯುವ ಇಂಜಿನ್ನಿಗೆ ಪೆಟ್ರೋಲ್ ಹಾಕುವ ಮಾತೇ ಇಲ್ಲ. ನಿಲ್ಲಿಸಿ, ಸೈಲೆನ್ಸರಿನ ಮೇಲೆ ಒಂದು ಹನಿ ನೀರು ಬಿಡಬೇಕು. ಅದು ಚುರ್ ಎಂದರೆ ಇನ್ನೂ ಕಾಯಬೇಕು. ಗಂಡಸರು ನನ್ನ ಈ ಹನಿ ಪರೀಕ್ಷೆಗೆ ನಗುತ್ತಿದ್ದರು. ಒಬ್ಬನಂತೂ, ಅಕ್ಕಾರು ಇಂಜಿನ್ನಿಗೆ ಜ್ವರ ನೋಡಾಕತ್ತಾರ, ಎಂದು ಊರೆಲ್ಲ ಹೇಳಿಕೊಂಡು ಬಂದ. ನಗಲಿ ಎಂದು ಬಿಟ್ಟೆ. ನಮ್ಮ ಪಂಪಿಗೆ ಒಮ್ಮೆಯೂ ಬೆಂಕಿ ಹತ್ತಲಿಲ್ಲ.

ಆ ವರ್ಷ ಮಂಡಳದ ಅಧ್ಯಕ್ಷೆಯ ಮನೆಯವರು ಹಳ್ಳದ ದಂಡೆಯ ಹೊಲದಲ್ಲಿ ಟೊಮೆಟೊ ಬೀಜದ ಪ್ಲಾಟು ಹಾಕಿದ್ದರು. ಬೀಜದ ಕಂಪನಿಗಳಿಗೆ ಹೀಗೆ ಬೆಳೆದುಕೊಡುವುದು ರಾಣೆಬೆನ್ನೂರಿನ ಸುತ್ತ ಆಗ ಜೋರಾಗಿತ್ತು. ಮಂಡಳದ ಹೆಣ್ಣುಮಕ್ಕಳೇ ಅಲ್ಲಿ ಕೆಲಸಕ್ಕಿದ್ದರು. ಸಂಜೆ ಒಂದೊಂದು ಮೊಗ್ಗನ್ನೂ ಚಿಮಟಿಗೆಯಿಂದ ಬಿಡಿಸಿ ಗಂಡುಭಾಗ ತೆಗೆಯುವುದು, ಮರುದಿನ ಮುಂಜಾನೆ ಬೇರೆ ತಳಿಯ ಪರಾಗ ಮುಟ್ಟಿಸುವುದು, ಮುಟ್ಟಿಸಿದ್ದಕ್ಕೆ ಗುರುತಾಗಿ ಹೂವಿನ ಬುಡದ ಹಸಿರು ಎಸಳನ್ನು ಕತ್ತರಿಸುವುದು. ವಾರಗಟ್ಟಲೆ ಬೆನ್ನು ಬಗ್ಗಿಸಿ ಮಾಡಿದ ಆ ಕೆಲಸವೆಲ್ಲ ಕಾಯಿಯಾಗಿ ತೂಗುತ್ತಿದ್ದ ಹೊತ್ತಿಗೆ ಟ್ರಾನ್ಸ್‌ಫಾರ್ಮರ್ ಸುಟ್ಟಿತು. ಅದನ್ನು ರಿಪೇರಿಗೆಂದು ಹಾವೇರಿಗೆ ಒಯ್ದರು. ಯಾವಾಗ ಬರುತ್ತದೆಂದು ಯಾರಿಗೂ ಗೊತ್ತಿರಲಿಲ್ಲ. ಬಿಸಿಲು ಏರುತ್ತಿತ್ತು. ಗಿಡದ ತುದಿಗಳು ಆಗಲೇ ಬಾಗಿದ್ದವು. ಇನ್ನೆರಡು ದಿನ ನೀರು ತಪ್ಪಿದರೆ ಕಾಯಿ ಉದುರುತ್ತದೆ ಎಂದು ಪ್ಲಾಟಿನ ಗೌಡರು, ಅಂದರೆ ಅಧ್ಯಕ್ಷೆಯ ಗಂಡ, ನನ್ನ ಮನೆಗೆ ಬಂದರು. ಪಂಪನ್ನು ಚಕ್ಕಡಿಯಲ್ಲಿ ಹೇರಿಕೊಂಡು ಹೊರಟೆವು.

ಅವರದು ಕಲ್ಲು ಕಟ್ಟಿದ ಹಳೆಯ ಬಾವಿ. ಗೋಡೆಯಿಂದ ಹೊರಚಾಚಿದ ಕಲ್ಲುಗಳೇ ಮೆಟ್ಟಿಲು. ಅರ್ಧ ಆಳದಲ್ಲಿ ಒಂದು ಕಟ್ಟೆ, ಅದರ ಮೇಲೆ ಕರೆಂಟಿನ ಮೋಟರು. ನಮ್ಮ ಕಡೆ ಇದು ರೂಢಿ: ನೀರು ಇಳಿದಂತೆ ಮೋಟರನ್ನೂ ಇಳಿಸುತ್ತಾರೆ, ಮಳೆಗಾಲಕ್ಕೆ ಮತ್ತೆ ಮೇಲೆತ್ತುತ್ತಾರೆ.

ಪಂಪನ್ನು ಬಾವಿಯ ದಂಡೆಯಲ್ಲಿಟ್ಟು ನೀರೆಳೆಯುವ ಸಕ್ಷನ್ ಪೈಪನ್ನು ಒಳಗೆ ಬಿಟ್ಟೆ. ಇಂಜಿನ್ ಒಂದೇ ಎಳೆತಕ್ಕೆ ಹತ್ತಿತು, ನೀರು ಬರಲಿಲ್ಲ. ನಿಲ್ಲಿಸಿ ಹೊಟ್ಟೆಗೆ ಮತ್ತೆ ನೀರು ತುಂಬಿದೆ. ಪೈಪಿನ ಕೆಳತುದಿಯ ವಾಲ್ವು, ನೀರು ಹಿಂದಕ್ಕೆ ಜಾರದಂತೆ ತಡೆಯುವಂಥದು, ಅದನ್ನು ಎತ್ತಿ ಕಸ ತೆಗೆದೆ. ಜೋಡಣೆಯ ಕಡೆ ಗಾಳಿ ಹೋಗುತ್ತಿದೆಯೇ ಎಂದು ಕೆಸರು ಮೆತ್ತಿ ನೋಡಿದೆ. ರಬ್ಬರ್ ವಾಷರ್ ಸೀಳಿತ್ತು. ಸೈಕಲ್ ಟ್ಯೂಬಿನ ತುಂಡು ಕತ್ತರಿಸಿ ಹಾಕಿದೆ. ಆಗ ನೀರು ಬಂತು, ಕೆಮ್ಮಿದ ಹಾಗೆ ಒಂದಿಷ್ಟು, ಮತ್ತೆ ನಿಂತಿತು. ಹಗ್ಗಕ್ಕೆ ಕಲ್ಲು ಕಟ್ಟಿ ಆಳ ನೋಡಿದೆ. ಮೇಲೆ ನಿಂತ ಯಾವ ಪಂಪೂ ಅಷ್ಟು ಆಳದಿಂದ ನೀರೆಳೆಯಲಾರದು. ಇದು ಪಂಪಿನ ದೋಷವಲ್ಲ.

ಗೌಡರು ತಡಮಾಡದೆ ಹಗ್ಗ ತರಿಸಿದರು. ಮೋಟರಿನ ಪಕ್ಕದಲ್ಲಿ ಇಂಜಿನ್ ಇಡೋಣ ಎಂದರು. ಅವರ ತಮ್ಮ ಆಗಲೇ ಧೋತರ ಮೇಲೆ ಕಟ್ಟಿದ್ದ.

“ಇಂಜಿನ್ ಬಾವಿಗೆ ಇಳಸೂದಿಲ್ರಿ ಗೌಡ್ರ,” ಎಂದೆ.

“ಯಾಕ್ರಿ ಅಕ್ಕಾರ? ನಮ್ಮ ಮೋಟರ ವರ್ಷಾನಗಟ್ಟಲೆ ಅಲ್ಲೇ ಕುಂತೈತಿ.”

“ಮೋಟರ ಉಸರಾಡೂದಿಲ್ಲ. ಇದು ಉಸರಾಡತೈತಿ. ಒಳಗಿನ ಗಾಳೀನೆಲ್ಲ ತಾನ ಕುಡದು ಹೊಗಿ ಬಿಡತೈತಿ. ಆ ಹೊಗಿ ಮ್ಯಾಲ ಬರಾಕ ಜಾಗ ಇಲ್ಲ.”

ಅವರು ಕಂದೀಲು ತರಿಸಿ, ಹೊತ್ತಿಸಿ, ಹಗ್ಗದಲ್ಲಿ ಕಟ್ಟೆಯವರೆಗೆ ಇಳಿಸಿ ತೋರಿಸಿದರು. ದೀಪ ಚೆನ್ನಾಗಿಯೇ ಉರಿಯಿತು. ಬಾವಿಯ ಹೂಳು ತೆಗೆಯುವವರೆಲ್ಲ ಮಾಡುವ ಪರೀಕ್ಷೆ ಅದು, ತಪ್ಪಲ್ಲ. ಆದರೆ ಅದು ಈಗಿನ ಗಾಳಿಯ ಸಾಕ್ಷಿ, ಇಂಜಿನ್ ನಡೆದ ಮೇಲಿನ ಗಾಳಿಯದಲ್ಲ. ಇಂಜಿನ್ನಿನ ಹೊಗೆಯೊಳಗಿನ ವಿಷಕ್ಕೆ ವಾಸನೆಯಿಲ್ಲ, ಮನುಷ್ಯ ಬಿದ್ದ ಮೇಲೂ ದೀಪ ಉರಿಯುತ್ತಲೇ ಇರುತ್ತದೆ ಎಂದು ಮಿಸ್ತ್ರಿ ನನಗೆ ಒತ್ತಿ ಹೇಳಿದ್ದ. ನಾನೂ ಒತ್ತಿ ಹೇಳಿದೆ. ಗೌಡರ ತಮ್ಮ ನಕ್ಕು, ಅಕ್ಕಾರಿಗೆ ಇಂಜಿನ್ನಿನ ಮೇಲೆ ನಮ್ಮ ಮೇಲಿರುವುದಕ್ಕಿಂತ ಮಮತೆ ಜಾಸ್ತಿ ಎಂದ.

ಬೇರೆ ದಾರಿ ಇರಲಿಲ್ಲವೆಂದಲ್ಲ. ಬಾವಿಯ ಪಕ್ಕದಲ್ಲೇ ಹಳ್ಳ. ಆ ಕಡೆ ನೆಲ ಆಳೆತ್ತರಕ್ಕಿಂತ ಹೆಚ್ಚು ಕೆಳಗಿದೆ. ಬಾವಿಯ ಗೋಡೆಯನ್ನು ಆ ಕಡೆಯಿಂದ ಒಡೆದು, ನಡುವಿನ ಮಣ್ಣು ಕಡಿದು, ಹಳ್ಳದ ಬದಿಯ ಬಯಲಿನಲ್ಲಿ ಇಂಜಿನ್ ಇಟ್ಟರೆ ನೀರಿಗೆ ಅಷ್ಟು ಹತ್ತಿರವಾಗುತ್ತದೆ, ಹೊಗೆ ಗಾಳಿಗೆ ಹೋಗುತ್ತದೆ. ಹೇಳಿದೆ. ಗೌಡರ ಮುಖ ಬಿಗಿಯಿತು. ಅದು ಅವರ ತಂದೆ ಹಳ್ಳದ ಕಲ್ಲನ್ನು ಒಂದೊಂದಾಗಿ ಹೊತ್ತು ಕಟ್ಟಿದ ಗೋಡೆ. ಅದಕ್ಕೆ ಹಾರೆ ಹಾಕುವ ಮಾತನ್ನು ನನ್ನ ಬಾಯಲ್ಲಿ ಕೇಳುವುದು ಅವರಿಗೆ ಬೇಕಿರಲಿಲ್ಲ.

ಅಧ್ಯಕ್ಷೆ ನನ್ನನ್ನು ಪಕ್ಕಕ್ಕೆ ಕರೆದಳು. ಪಂಪು ಮಂಡಳದ್ದು, ನನ್ನ ಸ್ವಂತದ್ದಲ್ಲ ಎಂದು ಮೆಲ್ಲಗೆ ನೆನಪಿಸಿದಳು. ಹೆಣ್ಣುಮಕ್ಕಳ ಕೆಲಸ ಮಣ್ಣುಪಾಲಾದರೆ ಅವರಿಗೆ ನಾನೇ ಉತ್ತರ ಹೇಳಬೇಕು ಎಂದಳು. ಆ ಹೆಣ್ಣುಮಕ್ಕಳು ಬದುವಿನ ಮೇಲೆ ಕುಳಿತು ನನ್ನನ್ನೇ ನೋಡುತ್ತಿದ್ದರು. ಅವರ ಮುಖ ನೋಡುವುದು ಸುಲಭವಿರಲಿಲ್ಲ. ಆದರೂ ಸ್ಪ್ಯಾನರ್ ತೆಗೆದು ಇಂಜಿನ್ನಿಗೆ ಕಿಡಿ ಕೊಡುವ ಪ್ಲಗ್ಗು ಬಿಚ್ಚಿದೆ, ಚೀಲದಲ್ಲಿ ಹಾಕಿಕೊಂಡೆ; ಅದಿಲ್ಲದೆ ಇಂಜಿನ್ ಹತ್ತುವುದಿಲ್ಲ. ಉತ್ತರ ಹೇಳುತ್ತೇನೆ, ಆದರೆ ಇಂಜಿನ್ ಇಳಿಸುವುದಿಲ್ಲ ಎಂದೆ. ಒಳ್ಳೆಯ ವಾಷರೂ ಇನ್ನೊಂದು ತುಂಡು ಪೈಪೂ ತರುತ್ತೇನೆ, ಅಷ್ಟರಲ್ಲಿ ಗೋಡೆಯ ವಿಚಾರ ಮಾಡಿರಿ ಎಂದು ರಾಣೆಬೆನ್ನೂರಿನ ಬಸ್ಸು ಹತ್ತಿದೆ.

ಮಧ್ಯಾಹ್ನ ಹಿಂತಿರುಗಿ ಹೊಲದ ದಾರಿ ಹಿಡಿದಾಗ ಇಂಜಿನ್ನಿನ ಸದ್ದು ಕೇಳಿಸಿತು. ಸದ್ದು ನೆಲದ ಒಳಗಿನಿಂದ ಬರುತ್ತಿತ್ತು.

ಕಾಲುವೆಯಲ್ಲಿ ನೀರು ಹರಿಯುತ್ತಿತ್ತು. ಹೆಣ್ಣುಮಕ್ಕಳು ಸಾಲಿನಿಂದ ಸಾಲಿಗೆ ನೀರು ತಿರುಗಿಸುತ್ತಿದ್ದರು. ಗೌಡರ ತಮ್ಮನ ಮೋಟರ್ ಸೈಕಲ್ಲಿನ ಪ್ಲಗ್ಗು ನಮ್ಮ ಇಂಜಿನ್ನಿಗೆ ಹೊಂದಿಕೊಂಡಿತ್ತು. ಅದನ್ನು ಹಾಕಿ, ಇಂಜಿನ್ನಿಗೆ ಹಗ್ಗ ಕಟ್ಟಿ ಇಳಿಸಿದ್ದರು. ನೋಡಿಕೊಳ್ಳಲು ಅವನೇ ಕಟ್ಟೆಯ ಮೇಲೆ ಕುಳಿತಿದ್ದ. ಮೇಲೆ ಕೆಳಗೆ ಓಡಾಡುವುದು ತಪ್ಪಲಿ ಎಂದು ಪೆಟ್ರೋಲ್ ಡಬ್ಬಿಯನ್ನೂ ಒಯ್ದಿದ್ದ. ಗೌಡರು ನನ್ನನ್ನು ಕಂಡು, ಬಂತಲ್ರಿ ನೀರು, ಎಂದರು.

ಬಾವಿಯೊಳಗೆ ಬಗ್ಗಿ ನೋಡಿದೆ. ತೆಳ್ಳಗಿನ ನೀಲಿ ಹೊಗೆ. ಗೌಡರ ತಮ್ಮ ಗೋಡೆಗೆ ಒರಗಿ, ಕಾಲು ಇಳಿಬಿಟ್ಟು ಕುಳಿತಿದ್ದ. ಮೇಲೆ ಬಾ ಎಂದು ಕೂಗಿದೆ. ತಲೆ ಎತ್ತಿದ, ಕುಡಿದವನಂತೆ ನಕ್ಕ. ಇಂಜಿನ್ ಆರಿಸು ಎಂದೆ. ತನ್ನ ಕೈಯನ್ನೇ ನೋಡಿಕೊಂಡ, ಕೈ ಏಳಲಿಲ್ಲ. ತಲೆ ಎದೆಯ ಮೇಲೆ ಬಿತ್ತು. ಅವನಿಗೂ ನೀರಿಗೂ ನಡುವೆ ಇದ್ದದ್ದು ಕಟ್ಟೆಯ ಅಂಚು ಮಾತ್ರ.

ಗೌಡರು ಮೆಟ್ಟಿಲ ಕಡೆ ನುಗ್ಗಿದರು. ನಾನು ಅಡ್ಡ ನಿಂತೆ. ಅವರು ನನ್ನ ತೋಳು ಹಿಡಿದು ಎಳೆದರು, ನಾನು ಮೆಟ್ಟಿಲ ಕಲ್ಲು ಬಿಟ್ಟು ಸರಿಯಲಿಲ್ಲ.

“ನೀವು ಇಳಿದ್ರ ಅಲ್ಲಿ ಇಬ್ಬರಾಗ್ತೀರಿ. ಆಮ್ಯಾಲ ನಿಮ್ಮನ್ನ ಎತ್ತಾಕ ಮೂರನೆಯವ ಇಳೀತಾನ. ಯಾರೂ ಇಳಿಯೂದಿಲ್ಲ.”

ಮೊದಲು ಇಂಜಿನ್ ನಿಲ್ಲಬೇಕು. ಮೇಲಿನಿಂದ ಅದನ್ನು ಮುಟ್ಟುವಂತಿಲ್ಲ. ಇದ್ದದ್ದು ಒಂದೇ ಉಪಾಯ: ಪ್ಲಗ್ಗಿನ ತಂತಿ ನೆನೆದರೆ ಕಿಡಿ ಸಾಯುತ್ತದೆ. ಕಾದ ಇಂಜಿನ್ನಿಗೆ ತಣ್ಣೀರು ತಾಗಿಸಬಾರದೆಂದು ನಾನೇ ಎಲ್ಲರಿಗೂ ಹೇಳಿಕೊಂಡು ಬಂದವಳು. ಕಾಲುವೆಯಿಂದ ಕೊಡ ತುಂಬಿ ತನ್ನಿ ಎಂದೆ. ಹೆಣ್ಣುಮಕ್ಕಳು ಓಡಿದರು. ಮೊದಲ ಕೊಡ ಗುರಿ ತಪ್ಪಿತು. ಎರಡನೆಯದನ್ನು ನೇರ ಇಂಜಿನ್ನಿನ ನೆತ್ತಿಯ ಮೇಲೆ ಸುರಿದೆ. ಬುಸ್ಸೆಂದು ಹಬೆ ಎದ್ದಿತು, ಏನೋ ಟಕ್ಕೆಂದಿತು. ಇನ್ನೊಂದು ಕೊಡ. ಇಂಜಿನ್ ಎರಡು ಸಲ ಮುಗ್ಗರಿಸಿ ನಿಂತಿತು.

ಬೇವಿನ ಟೊಂಗೆಗಳನ್ನು ಕಡಿದು, ಕಂತೆ ಕಟ್ಟಿ, ಹಗ್ಗದಲ್ಲಿ ಬಾವಿಯೊಳಗೆ ಏರಿಸಿ ಇಳಿಸಲು ಇಬ್ಬರನ್ನು ಹಚ್ಚಿದೆ. ನಿಂತ ಗಾಳಿ ಕದಡಬೇಕು. ಇನ್ನೊಂದು ಹಗ್ಗಕ್ಕೆ ಕುಣಿಕೆ ಹಾಕಿ ತಮ್ಮನ ಮಡಿಲಿಗೇ ಇಳಿಸಿದೆವು. ಗಾಳಿ ಕದಡಿದಂತೆ ಅವನು ಕಣ್ಣು ತೆರೆದ, ಆದರೆ ಅದನ್ನು ಸುಮ್ಮನೆ ನೋಡುತ್ತ ಕುಳಿತ. ಅಣ್ಣ ಕೂಗಿದರು, ಅಧ್ಯಕ್ಷೆ ಕೂಗಿದಳು. ಅವನಿಗೆ ಅದು ತಲುಪುತ್ತಲೇ ಇರಲಿಲ್ಲ.

ಅಷ್ಟರಲ್ಲಿ ಅಣ್ಣತಮ್ಮಂದಿರ ಮುದುಕಿ ತಾಯಿ ಬಾವಿಯ ಅಂಚಿಗೆ ಬಂದು ಮಂಡಿಯೂರಿದಳು. ಅಳಲಿಲ್ಲ. ಊಟಕ್ಕೆ ಕರೆಯುವ ದನಿಯಲ್ಲಿ ಹೇಳಿದಳು:

“ಸಣ್ಯಾ. ಹಗ್ಗ ಕಂಕಳಾಗ ಹಾಕ್ಕೊ. ಎರಡೂ ಕೈ ತೂರಸು. ಹಾಂ, ಹಂಗ.”

ಅವನು ಹಾಕಿಕೊಂಡ. ಒಂದು ಕೈ, ಬಹಳ ಹೊತ್ತಿನ ಮೇಲೆ ಇನ್ನೊಂದು. ನಾವೆಲ್ಲ ಸೇರಿ ಎಳೆದೆವು. ಮೇಲೆ ಬಂದವನೇ ವಾಂತಿ ಮಾಡಿಕೊಂಡ. ನೆರಳಿನಲ್ಲಿ ಅಲ್ಲ, ಗಾಳಿ ಬೀಸುವ ಬದುವಿನ ಮೇಲೆ ಮಲಗಿಸಿದೆವು. ಟೆಂಪೊ ಸಿಕ್ಕಿತು, ಬ್ಯಾಡಗಿಯ ಆಸ್ಪತ್ರೆಗೆ ಒಯ್ದು ಮೂಗಿಗೆ ಆಮ್ಲಜನಕ ಇಡಿಸಿದರು. ಸಂಜೆಯ ಹೊತ್ತಿಗೆ ತಲೆ ಸಿಡಿಯುತ್ತಿದೆ ಎಂದು ಬೈಯುವಷ್ಟು ಚೇತರಿಸಿಕೊಂಡಿದ್ದಾನೆಂದು ಸುದ್ದಿ ಬಂತು.

ಇಂಜಿನ್ನನ್ನು ಕಟ್ಟಿದ ಹಗ್ಗ ಹಾಗೇ ಇತ್ತು. ಅದನ್ನೂ ಮೇಲಿನಿಂದಲೇ ಎಳೆದೆವು, ಪೈಪುಗಳು ಜೋತಾಡುತ್ತ ಬಂದವು. ಇಂಜಿನ್ನಿನ ನೆತ್ತಿಯ ಮೇಲಿನ, ಬಿಸಿ ಹೊರಹಾಕುವ ರೆಕ್ಕೆಗಳಲ್ಲಿ ಒಂದು ಅಡ್ಡ ಸೀಳಿತ್ತು. ಸೀಳು ಒಳಗಿನವರೆಗೆ ಹೋಗಿರಲಿಲ್ಲ. ಎಣ್ಣೆಗೆ ನೀರು ಸೇರಿ ಮಜ್ಜಿಗೆಯಂತಾಗಿತ್ತು. ಬಸಿದು, ತೊಳೆದು, ಹೊಸದು ಹಾಕಿದೆ. ಕಾರ್ಬೊರೇಟರಿನ ಬಟ್ಟಲು ಖಾಲಿ ಮಾಡಿದೆ. ಟ್ಯಾಂಕಿನ ಪೆಟ್ರೋಲನ್ನೂ ಬಸಿದು ಬೇರೆ ಇಟ್ಟೆ. ಪ್ಲಗ್ಗು ಬಿಚ್ಚಿ, ದಾರ ಎಳೆದೆಳೆದು ಒಳಗಿನ ನೀರು ಹೊರಹಾಕಿ, ಕಿಡಿ ಕೊಡುವ ಭಾಗವನ್ನು ಒಣಬಟ್ಟೆಯಿಂದ ಒರೆಸಿ ಗಾಳಿಗೆ ತೆರೆದಿಟ್ಟೆ. ಮಾಡಬೇಕಾದದ್ದನ್ನೆಲ್ಲ ಸಾಲಾಗಿ ಮಾಡಿದೆ.

ಮರುದಿನ ಬೆಳಿಗ್ಗೆ ನೋಡಿದರೆ ಪ್ಲಾಟಿನ ಅರ್ಧಕ್ಕೆ ಮಾತ್ರ ನೀರು ಮುಟ್ಟಿತ್ತು. ಉಳಿದರ್ಧದ ಎಲೆ ಮುದುಡಿತ್ತು. ಗೌಡರು ಬಾವಿಯ ಹತ್ತಿರ ನಿಂತಿದ್ದರು. ನನ್ನ ಮುಖ ನೋಡದೆ ಮಾತಾಡಿದರು. ಈ ಸಲ ಯಾರೂ ಒಳಗೆ ಕೂರುವುದು ಬೇಡ, ಇಂಜಿನ್ ಹಚ್ಚಿ ತಕ್ಷಣ ಮೇಲೆ ಬಂದರಾಯಿತು, ಏನಂತೀರಿ?

“ಹಚ್ಚಾಕ ಇಳೀಬೇಕು, ಪೆಟ್ರೋಲ್ ಹಾಕಾಕ ಇಳೀಬೇಕು, ನಿಂತ್ರ ನೋಡಾಕ ಇಳೀಬೇಕು. ನನ್ನ ಕೈಯಾಗ ಇರೂತನಾ ಇಳಸೂದಿಲ್ಲ. ಪಂಪು ಬ್ಯಾಡಂದ್ರ ಈಗ ಚಕ್ಕಡಿಗೆ ಹೇರ್ರಿ.”

ಅಧ್ಯಕ್ಷೆ ಏನೋ ಹೇಳಲು ಬಂದಳು. ಅಷ್ಟರಲ್ಲಿ ಮುದುಕಿ ತಾಯಿ ಗೋಡೆಯ ಹಳ್ಳದ ಬದಿಗೆ ಹೋಗಿ ಮೇಲಿನ ಕಲ್ಲಿನ ಮೇಲೆ ಕೈಯಿಟ್ಟಳು. ಅದನ್ನು ಕಟ್ಟುವಾಗ ಗಂಡನ ಜೊತೆ ಮಣ್ಣು ಕಲಸಿದವಳು ಅವಳೇ.

“ಕಲ್ಲು ತಿರುಗಿ ಇಡಾಕ ಬರ್ತೈತಿ,” ಎಂದಳು ಮಗನಿಗೆ. “ಹಾರಿ ತಗೊಂಡ ಬಾ.”

ಗೌಡರು ಹಾರೆ ತಂದರು. ಮೊದಲ ಕಲ್ಲನ್ನು ತಾವೇ ಮೀಟಿದರು. ಆಮೇಲೆ ಹೆಣ್ಣುಮಕ್ಕಳೆಲ್ಲ ಗುದ್ದಲಿ, ಬುಟ್ಟಿ ಹಿಡಿದರು. ತೆಗೆದ ಕಲ್ಲುಗಳನ್ನು ಮುದುಕಿ ಹೇಳಿದ ಕ್ರಮದಲ್ಲೇ ಪಕ್ಕಕ್ಕೆ ಜೋಡಿಸಿಟ್ಟರು. ಮಧ್ಯಾಹ್ನ ದಾಟುವ ಹೊತ್ತಿಗೆ ಹಳ್ಳದ ಕಡೆ ಬಾಯಿ ತೆರೆದ ಒಂದು ಓಣಿ ಸಿದ್ಧವಾಯಿತು. ಅದರ ಹೊರತುದಿಯಲ್ಲಿ, ಬಯಲಿನಲ್ಲಿ, ಚಪ್ಪಟೆ ಕಲ್ಲು ಹಾಸಿ ಇಂಜಿನ್ ಕೂರಿಸಿದೆ. ಸಕ್ಷನ್ ಪೈಪು ಓಣಿಯ ಮೂಲಕ ಬಾವಿಗೆ ಹೋಯಿತು, ಡೆಲಿವರಿ ಪೈಪು ದಿಬ್ಬ ಹತ್ತಿ ಕಾಲುವೆಗೆ. ಹೊಸ ವಾಷರ್ ಹಾಕಿ ಬಿಗಿದೆ. ನನ್ನ ಪ್ಲಗ್ಗು ಹಾಕಿದೆ.

ದಾರ ಎಳೆದೆ. ಹತ್ತಲಿಲ್ಲ. ಮತ್ತೆ ಎಳೆದೆ. ಸೀನಿದಂತೆ ಮಾಡಿ ಸುಮ್ಮನಾಯಿತು. ಅಧ್ಯಕ್ಷೆ ನೆಲ ನೋಡುತ್ತಿದ್ದಳು. ಪ್ಲಗ್ಗು ಬಿಚ್ಚಿ, ಒರೆಸಿ, ಬಿಸಿಲಿಗೆ ಕಾದ ಕಲ್ಲಿನ ಮೇಲೆ ಒಂದಿಷ್ಟು ಹೊತ್ತು ಇಟ್ಟು, ತಿರುಗಿ ಹಾಕಿ ಎಳೆದೆ. ಬಿಳಿ ಹೊಗೆ ಉಗುಳಿ ಹತ್ತಿತು. ಪೈಪು ಬಿಗಿಯಿತು. ನೀರು ಕೆಮ್ಮಲಿಲ್ಲ, ತುಂಬು ಧಾರೆಯಾಗಿ ಬಿತ್ತು.

ನಡುವೆ ಪೆಟ್ರೋಲ್ ಮುಗಿಯುತ್ತ ಬಂತು. ನಿಲ್ಲಿಸಿದೆ. ಗೌಡರು ಡಬ್ಬಿಗೆ ಕೈ ಹಾಕಿದರು. ನಾನು ಡಬ್ಬಿಯನ್ನು ದೂರ ಒಯ್ದು ಅದರ ಪಕ್ಕದಲ್ಲೇ ಕುಳಿತೆ. ಗಿಡಗಳು ಕಣ್ಣೆದುರಿಗೇ ಬಾಡುತ್ತಿವೆ ಎಂದರು. ಕಾಣುತ್ತಿದೆ ಎಂದೆ. ಸೈಲೆನ್ಸರಿನ ಮೇಲೆ ಹನಿ ಚುರ್ ಎನ್ನದೆ ಕೆಳಗೆ ಜಾರುವವರೆಗೆ ಏಳಲಿಲ್ಲ. ಅಂದು ಯಾರೂ ನಗಲಿಲ್ಲ.

ಕೊನೆಯ ಕೆಲವು ಸಾಲುಗಳ ಕಾಯಿ ಉದುರಿತು. ಉಳಿದದ್ದು ಉಳಿಯಿತು. ಉದುರಿದ ಸಾಲುಗಳಲ್ಲಿ ಹೂವು ಮುಟ್ಟಿಸಿದವರು ಯಾರೆಂದು ನನಗೆ ಗೊತ್ತಿತ್ತು. ಅವರ ಮನೆಗೆ ಹೋಗಿ, ಇಂಜಿನ್ ಇಳಿಸಲು ಬಿಡದವಳು ನಾನು ಎಂದು ನೇರವಾಗಿ ಹೇಳಿದೆ. ಒಬ್ಬಳು ಚಹಾ ಕೊಟ್ಟಳು, ಒಬ್ಬಳು ಮಾತಾಡಲಿಲ್ಲ. ಎರಡೂ ನ್ಯಾಯವೇ.

ಮುಂದಿನ ವಾರ ಮಂಡಳದ ಸಭೆ. ಇಂಜಿನ್ನಿನ ಸೀಳು ಎಲ್ಲರ ಕಣ್ಣಿಗೂ ಬಿದ್ದಿತ್ತು. ಮಂಡಳದ ಆಸ್ತಿಗೆ ಧಕ್ಕೆಯಾದ ಮೇಲೆ ಯಾರಾದರೂ ತಪ್ಪೊಪ್ಪಿಕೊಳ್ಳಬೇಕಲ್ಲ. ಅಧ್ಯಕ್ಷೆ ಕೆಟ್ಟವಳಲ್ಲ, ಗಂಡನ ಮನೆಯ ಮಾನವನ್ನೂ ಮಂಡಳವನ್ನೂ ಒಟ್ಟಿಗೆ ಉಳಿಸಲು ನೋಡುತ್ತಿದ್ದಳು.

“ಗಾಬರಿಯೊಳಗ ನೀರ ಸುರಿದೆ, ತಪ್ಪಾತು ಅಂದಬಿಡ್ರಿ ಅಕ್ಕಾರ. ಮುಗದ ಹೋಗತೈತಿ.”

“ಗಾಬರಿ ಆಗಿರಲಿಲ್ಲ ಯವ್ವಾ. ಗುರಿ ಇಟ್ಟ ಸುರಿದೇನಿ. ನಾಳೆ ಮತ್ತ ಹಂಗಾದ್ರ ಮತ್ತ ಸುರಿತೇನಿ.”

ಹಾಗಾದರೆ ಪಂಪಿನ ಜವಾಬ್ದಾರಿ ಬೇರೆಯವರಿಗೆ ಹೋಗಲಿ ಎಂದು ತೀರ್ಮಾನವಾಯಿತು. ನಾನು ಸ್ಪ್ಯಾನರುಗಳನ್ನು ಒರೆಸಿ, ಸೋಸುವ ಬಟ್ಟೆ ಒಗೆದು ಮಡಚಿ ಒಪ್ಪಿಸಿದೆ. ಬೇಸರವಾಯಿತು, ಅದನ್ನು ಮುಚ್ಚಿಡುವುದಿಲ್ಲ. ಆದರೆ ತಲೆ ತಗ್ಗಿಸಿ ಪಂಪು ಉಳಿಸಿಕೊಳ್ಳುವಷ್ಟು ಬೇಸರವಾಗಲಿಲ್ಲ.

ಪಂಪು ಗೌಡರ ತಮ್ಮನ ಕೈಗೆ ಹೋಯಿತು. ನಾನಾಗಿ ಅಲ್ಲಿಗೆ ಹೋಗಲಿಲ್ಲ. ಅವನೇ ಒಂದು ಮುಂಜಾನೆ ನಮ್ಮ ಬಾಗಿಲಿಗೆ ಬಂದು, ಇನ್ನೊಬ್ಬರ ಹೊಲಕ್ಕೆ ಮೊದಲ ಸಲ ಒಯ್ಯುತ್ತಿದ್ದೇನೆ, ಬರಬೇಕು ಎಂದ. ಹೋದೆ. ದೂರ ಬದುವಿನ ಮೇಲೆ ನಿಂತೆ, ಬಾಯಿ ಬಿಚ್ಚಲಿಲ್ಲ. ಅಲ್ಲಿಯೂ ಬಾವಿಯ ನೀರು ಆಳಕ್ಕೆ ಇಳಿದಿತ್ತು; ಹೊಲದವರು ಹಗ್ಗ ತಂದು ಕಟ್ಟೆ ತೋರಿಸಿದರು. ಅವನು ಹಗ್ಗವನ್ನು ಸುತ್ತಿ ಅವರ ಕೈಗೇ ತಿರುಗಿ ಕೊಟ್ಟ. ಬಾವಿಯ ಸುತ್ತ ಒಂದು ಸುತ್ತು ಬಂದು, ನೆಲ ತಗ್ಗಿದ ಕಡೆ ನಿಂತು, ರಾಶಿ ತೂರುವವರ ಹಾಗೆ ಒಂದು ಹಿಡಿ ಮಣ್ಣನ್ನು ತಲೆಯ ಮೇಲೆತ್ತಿ ಬಿಟ್ಟ. ಧೂಳು ಬಾವಿಯಿಂದ ದೂರಕ್ಕೆ, ಹೊಲದ ಆಚೆಗೆ ಹೋಯಿತು. ಅದು ಹೋದ ದಿಕ್ಕಿಗೆ ಸೈಲೆನ್ಸರ್ ತಿರುಗಿಸಿ ಇಂಜಿನ್ ಇಟ್ಟ.